ಕಂಪನಿ ಆಕ್ರಮಣೋತ್ತರ ಕೊಡಗು: ಒಂದು ಹೆಸರಿನ ರಾಜಕಾರಣ (1834–1837)

1834ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಕೊಡಗನ್ನು ಪ್ರವೇಶಿಸಿ ಮಡಿಕೇರಿ ಕೋಟೆಯನ್ನು ವಶಪಡಿಸಿಕೊಂಡಿತು. ಹಾಲೇರಿ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಶರಣಾಗತನಾಗಿ ಗಡಿಪಾರಾದ. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ, ಪ್ರಜೆಗಳ ಒಮ್ಮತದ ಇಚ್ಛೆಯಂತೆ ಕೊಡಗು ಕಂಪನಿಯ ಆಡಳಿತಕ್ಕೆ ಸೇರಿತೆಂದು ಸಾರಿತು. ಈ ‘ಒಮ್ಮತ’ ಎಷ್ಟರಮಟ್ಟಿನದೆಂಬುದು ಮೂರೇ ವರ್ಷಗಳಲ್ಲಿ ಬಯಲಾಯಿತು. ದೊರೆಯ ಕ್ರೌರ್ಯದ ಕಥೆಗಳು ಆಕ್ರಮಣಕ್ಕೆ ನೈತಿಕ ಸಮರ್ಥನೆಯಾಗಿ ಒದಗಿದವು. ಅವುಗಳಲ್ಲಿ ಸತ್ಯಾಂಶವಿದ್ದರೂ ಅರಸನ ಮೇಲಿನ ಅಸಮಾಧಾನ ಪರಕೀಯ ಆಡಳಿತಕ್ಕೆ ನೀಡಿದ ಸಮ್ಮತಿಯಾಗದು.

ಆಕ್ರಮಣಕ್ಕಿಂತ ಅದರ ನಂತರದ ಆಡಳಿತ ನಿರ್ಧಾರಗಳೇ ಜನಜೀವನವನ್ನು ಹೆಚ್ಚು ಕಲಕಿದವು. ಕೊಡಗಿನ ಅರಸರ ಅಧೀನದಲ್ಲಿದ್ದ ಅಮರಸುಳ್ಯ ಸೀಮೆಯನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ತೆರಬೇಕಾಯಿತು. ಫಸಲು ಕೈಸೇರಿದ ಹೊತ್ತಿಗೆ ಭತ್ತದ ಬೆಲೆ ಇಳಿದಿರುತ್ತದೆ; ಕಂತಿನ ಗಡುವು ಮಾತ್ರ ಬೆಲೆ ಏರುವವರೆಗೆ ಕಾಯದು. ರೈತ ಅನಿವಾರ್ಯವಾಗಿ ವರ್ತಕನ ಬಾಗಿಲಿಗೆ ಹೋಗಬೇಕಾಯಿತು. ಕಚೇರಿಯ ಕಡತದಲ್ಲಿ ಇದೊಂದು ಗಡಿ ಹೊಂದಾಣಿಕೆ. ಗದ್ದೆಯಲ್ಲಿ ಅದು ಸಾಲವಾಗಿ ಪರಿಣಮಿಸಿತು.

ಈ ಅಸಮಾಧಾನಕ್ಕೆ ಹೆಸರೊಂದು ಬೇಕಿತ್ತು. ಜಂಗಮ ವೇಷದಲ್ಲಿ ಸಂಚರಿಸುತ್ತ ಹಾಲೇರಿ ವಂಶಸ್ಥನೆಂದು ಹೇಳಿಕೊಂಡ ಅಪರಂಪಾರ ಮೊದಲು ಸೆರೆಯಾದ. ಬಳಿಕ ಕಲ್ಯಾಣಸ್ವಾಮಿಯ ಹೆಸರು ಕೇಳಿಬಂತು. ಆತನೂ ಸೆರೆಸಿಕ್ಕಾಗ ಪುಟ್ಟಬಸಪ್ಪನೆಂಬ ರೈತ ಅದೇ ಹೆಸರನ್ನು ಧರಿಸಿ ದಂಡಿನ ಮುಂದೆ ನಿಂತ. ವಸಾಹತು ಬರಹಗಾರರು ಇದನ್ನು ಕೇವಲ ವಂಚನೆ ಎಂದರು. ಜಾನಪದದ ದೃಷ್ಟಿಯಿಂದ ಈ ತೀರ್ಮಾನ ಅವಸರದ್ದು. ವ್ಯಕ್ತಿ ಸೆರೆಯಾದರೂ ಹೆಸರು ಸೆರೆಯಾಗುವುದಿಲ್ಲವೆಂಬ ನಂಬಿಕೆ ಮೌಖಿಕ ಪರಂಪರೆಯ ಸಮಾಜಗಳಿಗೆ ಅಪರಿಚಿತವಲ್ಲ. ದೈವದ ಪಾತ್ರಿ ಬದಲಾದರೂ ದೈವ ಬದಲಾಗದ ನಾಡಿನಲ್ಲಿ ಅರಸುತನವೂ ಹಾಗೆಯೇ ಕೈಯಿಂದ ಕೈಗೆ ಸಾಗಿರಬಹುದು. ದಂಡಿನ ನಾಯಕರಲ್ಲಿ ಒಬ್ಬನಾದ ಕೆದಂಬಾಡಿ ರಾಮಯ್ಯಗೌಡನಂಥವರಿಗೆ ತಮ್ಮ ಮುಂದಿರುವವನು ಯಾರೆಂಬುದು ತಿಳಿದಿರಲಿಲ್ಲವೆಂದು ಭಾವಿಸುವುದು ಕಷ್ಟ.

1837ರ ಮಾರ್ಚ್ ಕೊನೆಯಲ್ಲಿ ಸುಳ್ಯದಲ್ಲಿ ಭುಗಿಲೆದ್ದ ಬಂಡಾಯ ಬೆಳ್ಳಾರೆ, ಪುತ್ತೂರು, ಬಂಟ್ವಾಳಗಳ ಮಾರ್ಗವಾಗಿ ಏಪ್ರಿಲ್ ಮೊದಲ ವಾರ ಮಂಗಳೂರನ್ನು ತಲುಪಿತು. ಕಲೆಕ್ಟರ್ ಲೆವಿನ್ ಸಮುದ್ರಮಾರ್ಗವಾಗಿ ಕಣ್ಣೂರಿನತ್ತ ಪಲಾಯನ ಮಾಡಿದ. ಕೆಲವು ದಿನಗಳ ಕಾಲ ಪಟ್ಟಣ ಬಂಡಾಯಗಾರರ ವಶದಲ್ಲಿತ್ತು. ಕಂಪನಿಯ ಸೈನ್ಯ ಮರಳಿದಾಗ ದಂಡು ಚದುರಿತು. ಪುಟ್ಟಬಸಪ್ಪನೂ ನಂದಾವರದ ಲಕ್ಷ್ಮಪ್ಪ ಬಂಗರಸನೂ ಗಲ್ಲಿಗೇರಿದರು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷ ಮಡಿಕೇರಿ ಕೋಟೆಯ ಬಳಿ ನೇಣಿಗೇರಿಸಲಾಯಿತು.

ಕರಾವಳಿಯ ನೆನಪಿನಲ್ಲಿ ಈ ಘಟನೆ ಉಳಿದಿರುವುದು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರಿನಲ್ಲಿ. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಇದನ್ನು ಕಂಪನಿಯ ಅಪಪ್ರಚಾರವೆಂದು ತಳ್ಳಿಹಾಕುವ ಬರಹಗಳು ಬಂದಿವೆ. ಆದರೆ ದಂಡು ಹಾದುಹೋದ ಊರುಗಳಲ್ಲಿ ವರ್ತಕರ ಮಳಿಗೆಗಳಿಗೆ, ಅಧಿಕಾರಿಗಳ ಮನೆಗಳಿಗೆ ಆದ ಹಾನಿಯೂ ಈ ಪದದ ಹಿಂದಿದೆ. ಸುಳ್ಯ ಭಾಗದಲ್ಲಿ ಅದೇ ಸಂಗತಿ ‘ಅಮರಸುಳ್ಯ ದಂಗೆ’ಯಾಗಿ, ಪೂರ್ವಿಕರ ಹಿರಿಮೆಯಾಗಿ ನೆನೆಯಲ್ಪಡುತ್ತದೆ. ಒಂದೇ ದಂಡನ್ನು ಹೊರಟ ಊರು ಕಂಡ ಬಗೆ ಬೇರೆ, ಬಂದು ತಲುಪಿದ ಊರು ಕಂಡ ಬಗೆ ಬೇರೆ. ಈ ಎರಡು ಹೆಸರುಗಳಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದು ಸಂಶೋಧಕನ ಕೆಲಸವಲ್ಲ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡನ ಪ್ರತಿಮೆ ಸ್ಥಾಪನೆಯಾದಾಗ ಸುಳ್ಯದ ನೆನಪಿಗೆ ಕಾಟಕಾಯಿಯ ಪಟ್ಟಣದಲ್ಲಿಯೇ ನೆಲೆ ದೊರೆಯಿತು.

ಬಂಡಾಯವನ್ನು ಅಡಗಿಸಲು ನೆರವಾದ ಕೊಡಗಿನ ಪ್ರಮುಖರಿಗೆ ಕಂಪನಿ ಪದಕಗಳನ್ನೂ ಜಹಗೀರುಗಳನ್ನೂ ನೀಡಿತು. ಪದಕದ ಮೇಲಿದ್ದುದು ಕೊಡವ ಯೋಧನ ಚಿತ್ರ. 1861ರಲ್ಲಿ ಇದೇ ನಿಷ್ಠೆಯನ್ನು ಮನ್ನಿಸಿ ಕೊಡವರಿಗೆ ನಿಶ್ಶಸ್ತ್ರೀಕರಣ ಕಾನೂನಿನಿಂದ ವಿನಾಯಿತಿ ದೊರೆಯಿತು. ಅಮರಸುಳ್ಯ ಮಾತ್ರ ಕೊಡಗಿಗೆ ಮರಳಲಿಲ್ಲ. 1956ರಲ್ಲಿ ಎರಡೂ ಪ್ರದೇಶಗಳು ಒಂದೇ ರಾಜ್ಯದೊಳಗೆ ಬಂದಾಗಲೂ 1834ರಲ್ಲಿ ಎಳೆದ ಗೆರೆ ಜಿಲ್ಲೆಯ ಗಡಿಯಾಗಿ ಹಾಗೆಯೇ ಉಳಿಯಿತು.