ಉಪವಾಸದ ಎಲೆಗೆ ಬಂದ ಗೆಣಸು

ಆಷಾಢ ಏಕಾದಶಿಯೋ ಮಹಾಶಿವರಾತ್ರಿಯೋ ಹತ್ತಿರ ಬಂದಾಗ ಸಾಂಗಲಿ, ಮಿರಜದ ಕಾಯಿಪಲ್ಲೆ ಪೇಟೆಯಲ್ಲಿ ಗೆಣಸಿನ ರಾಶಿ ಬೀಳುತ್ತದೆ. ಮರಾಠಿ ನೆರೆಯವರು ಅದಕ್ಕೆ ರತಾಳೆ ಎನ್ನುತ್ತಾರೆ, ನಾವು ಗೆಣಸು ಎನ್ನುತ್ತೇವೆ. ಅನ್ನ, ರೊಟ್ಟಿ ಮುಟ್ಟದ ದಿನವೂ ಈ ಗಡ್ಡೆ ನಡೆಯುತ್ತದೆ. ಹಾಗಾಗಿ ಇದು ಪುರಾಣಕಾಲದಿಂದ ನಮ್ಮದೇ ಎಂದು ನೀವು ತಿಳಿದಿರಬಹುದು. ಇತಿಹಾಸ ಬೇರೆಯೇ ಹೇಳುತ್ತದೆ.

ಗೆಣಸಿನ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿ ಕಾಲಿಟ್ಟ ಮೇಲೆ ಅದು ಯುರೋಪಿಗೆ ಹೋಯಿತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಹಡಗುಗಳ ಕಾಲದಲ್ಲಿ ನಮ್ಮ ಕಡೆಗೂ ಬಂತು. ದ್ವೀಪವಾಸಿಗಳು ಗೆಣಸನ್ನೇ ‘ಬಟಾಟ’ ಎನ್ನುತ್ತಿದ್ದರು. ಆ ಹೆಸರನ್ನು ಮುಂದೆ ಆಲೂಗಡ್ಡೆ ಕಸಿದುಕೊಂಡಿತು. ನಮ್ಮ ಬಾಯಲ್ಲಿ ಅದೇ ಬಟಾಟಿಯಾಯಿತು. ಹೆಸರು ಕಳೆದುಕೊಂಡ ಗೆಣಸಿಗೆ ನಮ್ಮವರು ಹಳೆಯ ನಾಡಗಡ್ಡೆಗಳ ಹೆಸರನ್ನೇ ಕೊಟ್ಟರು. ಸಂಸ್ಕೃತದ ರಕ್ತಾಲುವೇ ರತಾಳೆ. ಗುಜರಾತಿನಲ್ಲಿ ಇಂದಿಗೂ ರತಾಳು ಎಂದರೆ ನೇರಳೆ ಬಣ್ಣದ ಬೇರೊಂದು ಗಡ್ಡೆ.

ಹೊರಗಿನಿಂದ ಬಂದದ್ದು ಉಪವಾಸಕ್ಕೆ ಹೇಗೆ ನಡೆಯಿತು? ವ್ರತದ ದಿನ ಧಾನ್ಯ ವರ್ಜ್ಯ, ಕಂದಮೂಲ ಸಮ್ಮತ. ಗೆಣಸು ಆ ಬಾಗಿಲಿನಿಂದ ಒಳಗೆ ಬಂತು. ಅದೇ ಎಲೆಯಲ್ಲಿರುವ ಬಟಾಟಿ, ಶೇಂಗಾ, ಹಸಿಮೆಣಸಿನಕಾಯಿ ಕೂಡ ಅಮೆರಿಕದ ಬೆಳೆಗಳೇ. ಸಾಬೂದಾನಿಯನ್ನು ಮಾಡುವ ಮರಗೆಣಸೂ ಅಲ್ಲಿಯದೇ. ತಮಿಳುನಾಡಿನ ಸೇಲಂ ಸುತ್ತ ಆ ಉದ್ಯಮ ಬೆಳೆದದ್ದು 1940ರ ದಶಕದಿಂದ ಈಚೆಗೆ.

ಈಗ ಆರೋಗ್ಯದ ಮಾತು. ಸಾಬೂದಾನಿ ಬಹುಮಟ್ಟಿಗೆ ಬರೀ ಪಿಷ್ಟ. 100 ಗ್ರಾಂ ಗೆಣಸಿನಲ್ಲಿ ಸುಮಾರು 3 ಗ್ರಾಂ ನಾರು ಇದೆ. ಪೊಟ್ಯಾಸಿಯಂ, ಸಿ ಜೀವಸತ್ವ ಇವೆ. ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೊಟಿನ್ ಹೇರಳ. ಈ ಜೀವಸತ್ವದ ಕೊರತೆಯಿಂದಲೇ ಮಕ್ಕಳಿಗೆ ಇರುಳುಗುರುಡು ಬರುವುದು. ಆಫ್ರಿಕದಲ್ಲಿ ಇಂಥ ಗೆಣಸನ್ನು ಬೆಳೆಸಿ ಹರಡಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯೂ ‘ಭೂ ಸೋನಾ’ ಎಂಬ ಕಿತ್ತಳೆ ತಳಿಯನ್ನು ಹೊರತಂದಿದೆ. ನಮ್ಮ ಪೇಟೆಯ ಬಿಳಿ ತಿರುಳಿನ ಗೆಣಸಿನಲ್ಲಿ ಈ ಗುಣ ಬಹಳ ಕಡಿಮೆ. ಮೇಲಿನ ಕೆಂಪು ಸಿಪ್ಪೆ ನೋಡಿ ಮೋಸ ಹೋಗಬೇಡಿ, ಕತ್ತರಿಸಿ ನೋಡಿ.

ಗೆಣಸು ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ಮಾತು ನಿಜವಲ್ಲ. ಕೆಂಡದಲ್ಲಿ ಸುಟ್ಟ ಗೆಣಸು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ; ಕುದಿಸಿದ್ದು ಅದಕ್ಕಿಂತ ವಾಸಿ. ಆ ಕಾಯಿಲೆ ಇರುವವರು ಅದನ್ನು ರೊಟ್ಟಿಯ ಬದಲಿಗೆ ತಿನ್ನಬೇಕು, ರೊಟ್ಟಿಯ ಮೇಲೆ ಅಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಬೇಕು.

ಪರದೇಶದ ಗಡ್ಡೆಗೆ ನಮ್ಮ ಹಿರಿಯರು ದೇವರ ದಿನದಲ್ಲಿ ಜಾಗ ಕೊಟ್ಟರು. ನಾವು ಅದನ್ನು ಆ ದಿನಕ್ಕೇ ಕಟ್ಟಿಹಾಕಿದ್ದೇವೆ. ಏಕಾದಶಿಯಂದು ಅಜ್ಜಿಗೆ ಸಾಬೂದಾನಿ ಖಿಚಡಿಯ ಬದಲು ಎರಡು ತುಂಡು ಕುದಿಸಿದ ಗೆಣಸು ಕೊಡಿ. ಉಳಿದ ದಿನಗಳಲ್ಲಿ ಶಾಲೆಯಿಂದ ಬಂದ ಮಕ್ಕಳ ತಟ್ಟೆಗೂ ಹಾಕಿ. ಅದಕ್ಕೆ ಪಂಚಾಂಗ ನೋಡಬೇಕಾಗಿಲ್ಲ.