ಹುಟ್ಟು ಹಾಕಿದವರು ಯಾರು?

ನೋಡಿ, ‘ದಿ ಸೀ ಹಾಕ್’ 1940ರ ಸಿನಿಮಾ. ಎರಾಲ್ ಫ್ಲಿನ್ ಹಗ್ಗ ಹಿಡಿದು ಸ್ಪೇನಿನ ಹಡಗಿಗೆ ಹಾರಿದರೆ ನಾನು ಈಗಲೂ ರಿಮೋಟ್ ಕೆಳಗಿಡ್ತೀನಿ.

ಕಥೆ 1588ರ ಸ್ಪೇನ್ ನೌಕಾದಾಳಿಗೆ ಮುಂಚಿನದು. ಗುರಿ ಮಾತ್ರ ಹಿಟ್ಲರ್. ದೊರೆ ಎರಡನೇ ಫಿಲಿಪ್‌ನ ನೆರಳು ಗೋಡೆಯ ಭೂಪಟದ ಮೇಲೆ ಬಿದ್ದಾಗ ಅಂದಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿತ್ತಾ? ಕೊನೆಗೆ ರಾಣಿ ಎಲಿಜಬೆತ್ ಭಾಷಣವಂತೂ ನೇರ ಯುದ್ಧದ ಕರೆ.

ಅದು ಸರಿ. ಆದರೆ ಒಂದು ದೃಶ್ಯ ನನಗೆ ಚುಚ್ಚುತ್ತೆ. ಸ್ಪೇನಿನ ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಹುಟ್ಟು ಹಾಕುವವರು ಇಂಗ್ಲಿಷರು! ನಾಯಕನಿಗೆ ಮಾದರಿಯಾದ ಫ್ರಾನ್ಸಿಸ್ ಡ್ರೇಕ್ 1567ರಲ್ಲಿ ಹೊರಟಿದ್ದು ಯಾರ ಜೊತೆ ಗೊತ್ತಾ? ಗುಲಾಮರ ವ್ಯಾಪಾರಿ ಜಾನ್ ಹಾಕಿನ್ಸ್ ಜೊತೆ. ಆಫ್ರಿಕಾದ ಜನರನ್ನು ಹಿಡಿದು ಕೆರಿಬಿಯನ್ ತೀರದಲ್ಲಿ ಮಾರಿದರು. ಯಾರಿಗೆ? ಅದೇ ಸ್ಪೇನಿನವರಿಗೆ.