ಕೋಲುಜೇನು: ಒಮಾನಿನಲ್ಲಿ ಸಾಕಣೆ, ಮೇವಿನ ಸುದ್ದಿಯ ಅಧ್ಯಯನ

ಒಮಾನಿನ ಪುಟ್ಟ ಜೇನು ಇದು. ಅಲ್ಲಿನವರ ಬಾಯಲ್ಲಿ ‘ಅಬು ತುವೈಕ್’. ಕರ್ನಾಟಕದ ಬಯಲುಸೀಮೆಯ ಬೇಲಿಗಳಲ್ಲಿ ಕಡ್ಡಿ ಸುತ್ತ ಒಂದೇ ಎರಿ ಕಟ್ಟುವ ಕಡ್ಡಿಜೇನೂ ಇದೇ. 1787ರಲ್ಲಿ ಫ್ಯಾಬ್ರಿಷಿಯಸ್ ಇದಕ್ಕೆ ಏಪಿಸ್ ಫ್ಲೋರಿಯ ಎಂದು ಹೆಸರಿಟ್ಟ.

ಒಮಾನಿನ ಇನ್ನೊಂದು ಜೇನು ಏಪಿಸ್ ಮೆಲಿಫೆರಾ. ಅದರ ಮನೆ ಟೊಳ್ಳು ಮಾಡಿದ ಖರ್ಜೂರದ ಕಾಂಡ. ಈ ಗೂಡಿನ ಹೆಸರು ಡೋಲು ಎಂಬ ಅರ್ಥದ ಅರಬ್ಬಿ ಪದ, ನಮ್ಮ ತಬಲದ ನಂಟಿನದು. ಹೆಸರು ಒಪ್ಪುವಂಥದ್ದೇ. ಜೇನು ಮೇವಿನ ಸುದ್ದಿಯನ್ನು ಕುಣಿದು ಹೇಳುತ್ತದೆ; ಗೂಡಿನ ಕತ್ತಲಲ್ಲಿ ಆ ಕುಣಿತ ಕಾಣದು. ಕುಣಿಯುವ ಜೇನು ರೆಕ್ಕೆಯಿಂದ ಸದ್ದು ಹೊರಡಿಸುತ್ತದೆ ಎಂಬುದನ್ನು 1960ರ ದಶಕದ ಆರಂಭದಲ್ಲಿ ಎಶ್ ಮತ್ತು ವೆನ್ನರ್ ಬೇರೆಬೇರೆಯಾಗಿ ಗುರುತಿಸಿದರು.

ಕೋಲುಜೇನಿಗೆ ಕತ್ತಲಿನ ಚಿಂತೆಯಿಲ್ಲ. ಎರಿಯ ನೆತ್ತಿ ಕಡ್ಡಿಯನ್ನು ಬಳಸಿ ಅಗಲವಾಗಿರುತ್ತದೆ. ತುಪ್ಪ ತುಂಬಿದ ಆ ಜಗುಲಿಯ ಮೇಲೆ, ಬಟ್ಟಬಯಲಿನಲ್ಲಿ, ಜೇನು ಹೂವಿರುವ ದಿಕ್ಕಿಗೇ ಮುಖ ಮಾಡಿ ಕುಣಿಯುತ್ತದೆ. 1950ರ ದಶಕದಲ್ಲಿ ಸಿಂಹಳದಲ್ಲಿ ಇದನ್ನು ಗಮನಿಸಿದ ಮಾರ್ಟಿನ್ ಲಿಂಡಾವರ್, ಸಮತಟ್ಟಾದ ನೆಲವಿಲ್ಲದೆ ಈ ಜೇನು ದಿಕ್ಕು ಹೇಳಲಾರದು ಎಂದುಕೊಂಡ. ಇಳಿಜಾರಿನಲ್ಲೂ ಹೇಳಬಲ್ಲದೆಂದು 1985ರಲ್ಲಿ ಫ್ರೆಡ್ ಡೈಯರ್ ತೋರಿಸಿದ. ಅದೇ ವರ್ಷ ವಿಲಿಯಂ ಟೌನ್ ಕೋಲುಜೇನಿನ ಕುಣಿತ ಮೂಕವೆಂದು ವರದಿ ಮಾಡಿದ. ಕಣ್ಣಿಗೆ ಕಾಣುವುದನ್ನು ಕಿವಿಗೂ ಏಕೆ ಹೇಳಬೇಕು ಎಂಬ ವಿವರಣೆ ಆಕರ್ಷಕ. ಆದರೆ ಬಯಲಿನಲ್ಲೇ ಎರಿ ಕಟ್ಟುವ ಹೆಜ್ಜೇನು ಕುಣಿಯುವಾಗ ಸದ್ದು ಮಾಡುತ್ತದೆಂದು 1993ರಲ್ಲಿ ತಿಳಿದಮೇಲೆ ಅದನ್ನು ಎಲ್ಲಕ್ಕೂ ಅನ್ವಯಿಸಲಾಗದು.

ಮುಜಂಟಿಯ ಬಳಗದ, ಕುಟುಕದ ಜೇನುಗಳಲ್ಲಿ ಸದ್ದಿನ ಪಾತ್ರ ಇನ್ನೂ ಚರ್ಚೆಯ ವಸ್ತು. ಅಮೆರಿಕ ಖಂಡದ ಮೆಲಿಪೋನಾಗಳ ಸದ್ದಿನ ಉದ್ದ ಮೇವಿನ ದೂರವನ್ನು ಹೇಳುತ್ತದೆಂದು ಎಶ್ 1960ರ ದಶಕದಲ್ಲಿ ವಾದಿಸಿದ. ಸದ್ದು ಹೇಳುವುದು ಮಕರಂದದ ಸಿಹಿಯನ್ನೇ ಹೆಚ್ಚಾಗಿ ಎನ್ನುತ್ತವೆ ಹ್ರ್ನ್ಸಿರ್ ಮತ್ತು ಸಂಗಡಿಗರ ನಂತರದ ಪ್ರಯೋಗಗಳು.

ಒಮಾನಿನ ಸಾಕಣೆಗಾರರ ಜಾಣ್ಮೆಯನ್ನು 1977ರಲ್ಲಿ ಡಟನ್ ಮತ್ತು ಸಿಂಪ್ಸನ್ ದಾಖಲಿಸಿದರು. ಸಾಕಣೆಗಾರರು ಕಾಡಿನ ಕೋಲುಜೇನಿನ ಗೂಡನ್ನು ತಂದು, ತುಪ್ಪದ ಭಾಗ ಕೊಯ್ದು, ಮರಿಗಳಿರುವ ಎರಿಯನ್ನು ಸೀಳಿದ ಕೋಲಿನ ನಡುವೆ ಸಿಕ್ಕಿಸಿ ನೆರಳಿನ ಗೂಡುಗಳಲ್ಲಿ ಇಡುತ್ತಾರೆ. ತುಪ್ಪದೊಂದಿಗೆ ಕುಣಿಯುವ ಜಗುಲಿಯೂ ಹೋಗುತ್ತದೆ. ಜೇನು ಅದನ್ನು ಆ ಕೋಲಿನ ಮೇಲೆ ಮತ್ತೆ ಕಟ್ಟಿಕೊಳ್ಳಬೇಕು.